ಸೋತವರ ಕಾರ್ಡು ಬರೆಯುತ್ತಿದ್ದವರು

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ. ಯಾರೋ ಎರಡು ಸಾಲು ಬರೆದಿದ್ದರು: ಕಿಂಗ್ಸ್‌ಬರಿಯ ನಮ್ಮ ಹಿರಿಯರು ಹೋದ ವಾರ ಆಸ್ಪತ್ರೆಯಲ್ಲಿ ತೀರಿಕೊಂಡರು, ಅಂತ್ಯಕ್ರಿಯೆ ಆಗಿದೆ. ಅದರ ಕೆಳಗೆ ಒಂದಷ್ಟು ಜನ ಕೈಮುಗಿದ ಚಿತ್ರ ಹಾಕಿದ್ದರು. ಅದರ ಕೆಳಗೆ ಯುಗಾದಿ ಊಟಕ್ಕೆ ಹೋಳಿಗೆ ಎಷ್ಟು ಹೇಳಬೇಕು ಅನ್ನುವ ಚರ್ಚೆ ಶುರುವಾಗಿತ್ತು. ನಾನು ದಕ್ಷಿಣ ಲಂಡನ್ನಿನ ಸಟನ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ಅದನ್ನು ಓದಿದೆ. ಆಫೀಸಿಗೆ ಹೋಗುವ ರೈಲು ಬಂತು, ಹೋಯಿತು, ನಾನು ಹತ್ತಲಿಲ್ಲ. ನನಗೆ ಯಾರೂ ಫೋನ್ ಮಾಡಿರಲಿಲ್ಲ. ಇಂಥವನಿಗೆ ಹೇಳಿ ಎಂದು ಅವರೂ ಯಾರಿಗೂ ಹೇಳಿರಲಿಕ್ಕಿಲ್ಲ.

ಅವರ ಹೆಸರು ಬರೆಯುವುದಿಲ್ಲ. ತಮ್ಮ ಹೆಸರು ಅಚ್ಚಿನಲ್ಲಿ ಬರಬೇಕೆಂದು ಅವರು ಜೀವಮಾನದಲ್ಲಿ ಒಂದೇ ಒಂದು ಸಲ ಆಸೆಪಟ್ಟಿದ್ದರು, ಆಗ ಬರಲಿಲ್ಲ. ಬರದೇ ಇದ್ದದ್ದರಲ್ಲಿ ನನ್ನ ಕೈಯೂ ಇತ್ತು. ಈಗ ನಾನೇ ಮುಂದೆ ನಿಂತು ಅಚ್ಚು ಹಾಕಿಸಿದರೆ ಮಗುವನ್ನು ಚಿವುಟಿ ತೊಟ್ಟಿಲು ತೂಗಿದ ಹಾಗಾಗುತ್ತದೆ. ನಾವೆಲ್ಲ ಅವರನ್ನು ಕಾಕಾ ಅನ್ನುತ್ತಿದ್ದೆವು. ಇಲ್ಲಿಯೂ ಹಾಗೇ ಅನ್ನುತ್ತೇನೆ.

ನಾನು ಲಂಡನ್ನಿಗೆ ಬಂದ ಹೊಸದು. ಹೆಂಡತಿಗೆ ಇನ್ನೂ ವೀಸಾ ಆಗಿರಲಿಲ್ಲ. ಕಿಂಗ್ಸ್‌ಬರಿಯಲ್ಲಿ ಒಂದು ಗುಜರಾತಿ ಮನೆಯ ಮಹಡಿಯ ಕೋಣೆಯಲ್ಲಿದ್ದೆ. ಶನಿವಾರ ಹೊತ್ತು ಹೋಗದೆ ಲೈಬ್ರರಿಯ ಬಾಗಿಲ ಹೊರಗೆ ನಿಂತು ಮೈಸೂರಿಗೆ ಫೋನ್ ಮಾಡಿ, ಅನ್ನಕ್ಕೆ ನೀರು ಎಷ್ಟು ಇಡಬೇಕೆಂದು ಕೇಳುತ್ತಿದ್ದೆ. ಮಾತು ಮುಗಿಸಿ ತಿರುಗಿದರೆ ಹಿಂದೆ ಒಬ್ಬರು ನಿಂತಿದ್ದರು. ಎತ್ತರ, ತೆಳು ಮೈ, ಕಿವಿ ಮುಚ್ಚುವ ಉಣ್ಣೆ ಟೋಪಿ, ಕಂಕುಳಲ್ಲಿ ಹಳೇ ಪತ್ರಿಕೆಗಳ ಕಟ್ಟು.

"ಒಂದು ವಾಟಿ ಅಕ್ಕಿಗೆ ಎರಡು ವಾಟಿ ನೀರು ಹಾಕ್ರಿ. ಹಳೇ ಅಕ್ಕಿ ಇದ್ರ ಇನ್ನೂ ಅರ್ಧ ವಾಟಿ," ಅಂದರು.

ನಾನು ಕಕ್ಕಾಬಿಕ್ಕಿಯಾದೆ. "ಥ್ಯಾಂಕ್ಸ್ ಅಂಕಲ್" ಅಂದೆ.

"ಅಂಕಲ್ ಅನಬ್ಯಾಡ್ರಿ. ಈ ಊರಾಗ ಎಲ್ಲಾರೂ ಅಂಕಲ್ ಅಂದೂ ಅಂದೂ ನನಗ ಸಂಬಂಧಿಕರ ಇಲ್ಲೇನೋ ಅನಸಲಿಕತ್ತದ. ಕಾಕಾ ಅನ್ರಿ."

ವಿಜಯಪುರದ ಕಡೆಯವರು. ಚಿಕ್ಕ ವಯಸ್ಸಿನಲ್ಲಿ ಇಲ್ಲಿಗೆ ಬಂದು, ಒಂದು ಆಸ್ಪತ್ರೆಯ ರೋಗಪರೀಕ್ಷೆಯ ಲ್ಯಾಬಿನಲ್ಲಿ ದುಡಿದು ನಿವೃತ್ತರಾಗಿದ್ದರು. ಇಡೀ ಆಯುಷ್ಯ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತವರು. ಅದರಿಂದಲೋ ಏನೋ, ಯಾರಾದರೂ ಮಹತ್ವದ ಮಾತು ಹೇಳಿದರೆ ಎಡಗಣ್ಣು ಮುಚ್ಚಿ ಕೇಳುತ್ತಿದ್ದರು. ಗೊತ್ತಿಲ್ಲದವರು ಕಣ್ಣು ಹೊಡೆದರು ಅಂದುಕೊಳ್ಳುತ್ತಿದ್ದರು. ಬಳಗದ ಒಬ್ಬ ಹೆಂಗಸು ಒಂದು ವರ್ಷ ಅವರ ಜೊತೆ ಮಾತು ಬಿಟ್ಟಿದ್ದಳು.

ಮದುವೆಯಾಗಿರಲಿಲ್ಲ. ನಮ್ಮವರ ನಡುವೆ ಇದಕ್ಕಿಂತ ದೊಡ್ಡ ಕುತೂಹಲದ ವಿಷಯ ಬೇರೆ ಉಂಟೇ? ಹಬ್ಬದ ಊಟಕ್ಕೆ ಕೂತಾಗ ಯಾರಾದರೂ ಕೇಳಿಯೇ ಕೇಳುತ್ತಿದ್ದರು. ಅವರ ಉತ್ತರ ಸಿದ್ಧವಿರುತ್ತಿತ್ತು: "ಮೂರು ಸಲ ಶಾರ್ಟ್‌ಲಿಸ್ಟ್ ಆಗಿದ್ದೆ." ಎಲ್ಲರೂ ನಗುತ್ತಿದ್ದರು. ಅವರೂ ನಗುತ್ತಿದ್ದರು. ನಾನೂ ಎಷ್ಟೋ ಸಲ ನಕ್ಕಿದ್ದೇನೆ.

ಅವರ ಕಂಕುಳಲ್ಲಿದ್ದ ಪತ್ರಿಕೆಗಳ ಕಥೆ ಗೊತ್ತಾದದ್ದು ಮುಂದಿನ ವಾರ, ಅವರ ಫ್ಲ್ಯಾಟಿಗೆ ಹೋದಾಗ. ಮುಂದಿನ ಕೋಣೆಯಲ್ಲಿ ಟೀವಿ, ಒಂದು ಮೇಜು, ಎರಡು ಕುರ್ಚಿ. ಎರಡನೇ ಕುರ್ಚಿಯ ಮೇಲೆ ಇಸ್ತ್ರಿಯ ಬಟ್ಟೆ. ಅದನ್ನು ತೆಗೆದು ನನ್ನನ್ನು ಕೂಡಿಸಿದರು. ಗೋಡೆಯ ಗೂಡಿನ ತುಂಬ ಬೂಟಿನ ಡಬ್ಬಿಗಳು, ಡಬ್ಬಿಗಳ ತುಂಬ ಆ ಪತ್ರಿಕೆಗಳನ್ನು ಓದಿ ಬರೆದಿಟ್ಟ, ಅಂಗೈಯಗಲದ ಗೆರೆ ಹಾಕಿದ ಕಾರ್ಡುಗಳು. ಒಂದೊಂದು ಕಾರ್ಡಿಗೆ ಒಬ್ಬೊಬ್ಬ ಮನುಷ್ಯ. ಎಲ್ಲರೂ ಅಮೆರಿಕದವರು. ಎಲ್ಲರೂ ಅಧ್ಯಕ್ಷರಾಗಬೇಕೆಂದು ಹೊರಟು, ಎದುರು ಪಕ್ಷದ ಮುಖ ನೋಡುವ ಮೊದಲೇ ತಮ್ಮ ಪಕ್ಷದ ಒಳಗೇ ಸೋತು ಮನೆಗೆ ಹೋದವರು.

ಅಲ್ಲಿಯ ಕ್ರಮ ನಮ್ಮ ಹಾಗಲ್ಲ. ಪಕ್ಷದ ಹುರಿಯಾಳು ಯಾರು ಅನ್ನುವುದನ್ನು ಮೇಲೆ ಕೂತ ನಾಲ್ಕು ಜನ ತೀರ್ಮಾನಿಸಿದರೆ ಮುಗಿಯುವುದಿಲ್ಲ. ಒಂದೊಂದೇ ರಾಜ್ಯಕ್ಕೆ ಹೋಗಿ, ಹಳ್ಳಿ ಹಳ್ಳಿಯ ಹೋಟೆಲಿನಲ್ಲಿ ಕೈಕುಲುಕಿ, ಪಕ್ಷದ ಜನರ ಓಟು ಪಡೆಯಬೇಕು. ಅದಕ್ಕೆ ಪ್ರೈಮರಿ ಅನ್ನುತ್ತಾರೆ. ಮೊದಲು ಹತ್ತು ಹನ್ನೆರಡು ಜನ ಇರುತ್ತಾರೆ, ವಾರ ವಾರಕ್ಕೆ ಒಬ್ಬೊಬ್ಬರೇ ಉದುರುತ್ತಾರೆ. ಕಾಕಾ ನನಗೆ ಇದನ್ನು ಒಂದೇ ಮಾತಿನಲ್ಲಿ ಹೇಳಿದರು:

"ಎಲೆಕ್ಷನ್ ಅಂದ್ರ ವೈರಿ ಜೋಡಿ ಕುಸ್ತಿ. ಪ್ರೈಮರಿ ಅಂದ್ರ ಅಣ್ಣತಮ್ಮರ ಪಾಲು. ಯಾವುದು ಕಠಿಣ ನೀವ ಹೇಳ್ರಿ."

ಗೆದ್ದವರಿಗೆ ಅವರ ಬಳಿ ಕಾರ್ಡು ಇರಲಿಲ್ಲ. "ಗೆದ್ದವಗ ಮಂದಿ ಇರ್ತಾರ. ಪುಸ್ತಕ ಬರೀತಾರ, ಹಾರ ಹಾಕ್ತಾರ. ಸೋತವನ ಜೋಡಿ ಯಾರರ ಒಬ್ಬರು ಕೂಡಬೇಕಲ್ಲ?" ಅನ್ನುತ್ತಿದ್ದರು. ಪ್ರತಿ ಕಾರ್ಡಿನಲ್ಲಿ ಮೂರೇ ಸಾಲು. ಅದು ಆಸ್ಪತ್ರೆಯಲ್ಲಿ ಕಲಿತ ಶಿಸ್ತು. ಇಲ್ಲಿಯ ಮರಣಪತ್ರದಲ್ಲಿ ಹೃದಯ ನಿಂತಿತು ಅಂತ ಬರೆದು ಕೈತೊಳೆದುಕೊಳ್ಳುವ ಹಾಗಿಲ್ಲ. ಹೃದಯ ಯಾಕೆ ನಿಂತಿತು, ಆ ಕಾರಣಕ್ಕೆ ಕಾರಣ ಏನು, ಕೆಳಗೆ ಕೆಳಗೆ ಬರೆಯಬೇಕು. ಕಾಕಾ ಹಾಗೇ ಬರೆಯುತ್ತಿದ್ದರು. ಒಬ್ಬ ಗವರ್ನರನ ಕಾರ್ಡು ನನಗೆ ಇನ್ನೂ ನೆನಪಿದೆ. ತಕ್ಷಣದ ಕಾರಣ: ದುಡ್ಡು ಮುಗಿದದ್ದು. ಅದಕ್ಕೆ ಕಾರಣ: ಮೊದಲ ಎರಡು ರಾಜ್ಯದಲ್ಲಿ ನಾಲ್ಕನೇ ಸ್ಥಾನ. ಅದಕ್ಕೆ ಕಾರಣ: ಕೈಕುಲುಕುವಾಗ ಮುಂದಿನವನ ಮುಖ ನೋಡುವ ಚಟ.

"ಪೇಪರಿನವರು ಮೊದಲನೇ ಸಾಲಿಗೆ ನಿಲ್ಲಸ್ತಾರ," ಅಂದರು. "ದುಡ್ಡು ಇರಲಿಲ್ಲ, ಸೋತ. ಅಷ್ಟ. ಕಾರಣ ಒಂದ ಇರೂದಿಲ್ಲ ತಮ್ಮಾ, ಕಾರಣಕ್ಕ ಕಾರಣ ಇರ್ತದ."

ಕಿಂಗ್ಸ್‌ಬರಿಯಲ್ಲಿದ್ದ ಆ ಏಳು ವರ್ಷ ಅವರಿಂದ ಎಷ್ಟು ಕೇಳಿದೆನೋ. ಅಲ್ಲಿ ರಾತ್ರಿ ಎಣಿಸಿದ ಓಟು ನಮಗೆ ಬೆಳಗಿನ ಚಹಾದ ಹೊತ್ತಿಗೆ ಬರುತ್ತಿತ್ತು. ಅಂಥ ಬೆಳಿಗ್ಗೆ ನಾನು ಟ್ಯೂಬ್ ರೈಲು ಹಿಡಿಯುವ ಮೊದಲು ಅವರ ಮನೆಗೆ ಹೋಗಿ ಹತ್ತು ನಿಮಿಷ ಕೂತಿರುತ್ತಿದ್ದೆ. ಒಂದು ವರ್ಷ ಮುಂಚೆಯೇ ಇವನೇ ಗೆಲ್ಲುತ್ತಾನೆ ಅಂತ ಎಲ್ಲರೂ ಬರೆದಿದ್ದ ಒಬ್ಬ ಸೆನೆಟರ್ ಮೊದಲ ರಾಜ್ಯದಲ್ಲೇ ಮುಗ್ಗರಿಸಿದಾಗ ಕಾಕಾ ಹೇಳಿದರು, "ಮೊದಲನೇ ಪಂಕ್ತಿಗೆ ಕೂತವಗ ಬಿಸಿ ಅನ್ನ ಸಿಗ್ತದ ಖರೆ. ನಾಲಿಗಿನೂ ಅವಂದ ಸುಡ್ತದ." ಒಂದೇ ಥರದ ಮೂವರು ಒಂದೇ ಥರದ ಜನರ ಓಟು ಹಂಚಿಕೊಂಡು ಮೂವರೂ ಮುಳುಗಿದ್ದನ್ನು, ಸಾಕು ಅನ್ನುವ ಹೊತ್ತಿಗೆ ಏಳದೆ ಎಲೆಯ ಮುಂದೆ ಕೂತೇ ಇದ್ದು ಮರ್ಯಾದೆ ಕಳೆದುಕೊಂಡವನನ್ನು, ತನ್ನ ಸ್ವಂತ ರಾಜ್ಯಕ್ಕೆ ಹೋಗದೆ ಊರೆಲ್ಲ ತಿರುಗಿ ಕೊನೆಗೆ ಸ್ವಂತ ರಾಜ್ಯವನ್ನೇ ಸೋತವನನ್ನು, ಎಲ್ಲರನ್ನೂ ಅವರು ಮನೆಯ ಮಕ್ಕಳ ಹಾಗೆ ಬೈದು ಮರುಗುತ್ತಿದ್ದರು.

ಅವರಿಗೆ ಬಹಳ ಪ್ರಿಯವಾದದ್ದು ಕಣದಿಂದ ಹಿಂದೆ ಸರಿಯುವ ಭಾಷಣ. "ಇಡೀ ವರ್ಷ ಒಂದ ಚಲೋ ಮಾತು ಆಡಿರೂದಿಲ್ಲ, ಸೋತು ಹೋಗೂ ದಿನ ನೋಡು ಹೆಂಗ ಮಾತಾಡ್ತಾನ," ಅನ್ನುತ್ತಿದ್ದರು. "ಯಾಕಂದ್ರ ಅವತ್ತು ಬೇಡೂದು ಏನೂ ಇರೂದಿಲ್ಲ." ಆ ಭಾಷಣವನ್ನು ಎರಡೆರಡು ಸಲ ಹಾಕಿಕೊಂಡು ನೋಡುತ್ತಿದ್ದರು. ಮಾತಾಡುವವನನ್ನಲ್ಲ, ಅವನ ಹಿಂದೆ ವೇದಿಕೆಯಲ್ಲಿ ಯಾರು ಯಾರು ನಿಂತಿದ್ದಾರೆ ಅನ್ನುವುದನ್ನು ಎಣಿಸುತ್ತಿದ್ದರು. ಒಂದು ಸಲ ಒಬ್ಬನ ಹಿಂದೆ ಅವನ ಹೆಂಡತಿ ಮತ್ತು ಡ್ರೈವರ್ ಬಿಟ್ಟರೆ ಯಾರೂ ಇರಲಿಲ್ಲ. ಕಾಕಾ ಟೀವಿ ಆರಿಸಿ, ಅವತ್ತು ಚಹಾ ಸಹ ಮಾಡದೆ ನನ್ನನ್ನು ಕಳಿಸಿದರು.

ಇನ್ನೊಂದು ಮಾತು. ಬಹಳ ಕಾರ್ಡುಗಳ ಮೂರನೇ ಸಾಲಿನಲ್ಲಿ ಒಂದೇ ವಾಕ್ಯ ಇರುತ್ತಿತ್ತು: ಎಲ್ಲರ ಎರಡನೇ ಆಯ್ಕೆ. ಸಭ್ಯ, ಓದಿದವನು, ಯಾರ ಜೊತೆಗೂ ಜಗಳವಿಲ್ಲ. ಯಾರನ್ನು ಕೇಳಿದರೂ ಅವನು ಒಳ್ಳೆಯವನು ಅನ್ನುತ್ತಾರೆ, ಅಂದು ಬೇರೆಯವನಿಗೆ ಓಟು ಹಾಕುತ್ತಾರೆ. ಇದನ್ನು ಓದುವಾಗ ಅವರ ಮುಖವನ್ನು ನಾನು ನೋಡಬೇಕಿತ್ತು. ನೋಡುತ್ತಿರಲಿಲ್ಲ, ನನಗೆ ಆಫೀಸಿಗೆ ಹೊತ್ತಾಗಿರುತ್ತಿತ್ತು.

ಕಾಕಾ ನಮ್ಮ ವಾರ್ಡಿನಲ್ಲಿ ಒಂದು ಪಕ್ಷದ ಕೆಲಸ ಮಾಡುತ್ತಿದ್ದರು. ಯಾವ ಪಕ್ಷ ಅನ್ನುವುದು ಇಲ್ಲಿ ಬೇಡ. ಕೆಲಸ ಅಂದರೆ ಮನೆ ಮನೆಗೆ ಕರಪತ್ರ ಹಾಕುವುದು. ಇಪ್ಪತ್ತು ವರ್ಷ ಹಾಕಿದ್ದರು. ಯಾವ ಬಾಗಿಲಿನ ಟಪಾಲು ಕಿಂಡಿ ಬಿಗಿ, ಯಾವ ಬಾಗಿಲ ಹಿಂದೆ ನಾಯಿ ಬೆರಳಿಗೆ ಬಾಯಿ ಹಾಕುತ್ತದೆ, ಯಾವ ಮನೆಯ ಮುದುಕಿಗೆ ಕರಪತ್ರಕ್ಕಿಂತ ಎರಡು ಮಾತು ಬೇಕು, ಎಲ್ಲ ಅವರಿಗೆ ಗೊತ್ತಿತ್ತು. ಪ್ರತಿ ಸಲ ಬೇರೆ ಯಾರದೋ ಮುಖ, ಬೇರೆ ಯಾರದೋ ಹೆಸರು. ಹಾಕಿಸಿಕೊಂಡವರು ಗೆದ್ದು ಕೌನ್ಸಿಲಿಗೆ ಹೋಗುತ್ತಿದ್ದರು, ಕ್ರಿಸ್‌ಮಸ್ಸಿಗೆ ಇವರಿಗೊಂದು ಕಾರ್ಡು ಕಳಿಸುತ್ತಿದ್ದರು.

ಒಂದು ವರ್ಷ ನಮ್ಮ ವಾರ್ಡಿನ ಕೌನ್ಸಿಲರ್ ಇನ್ನು ನಿಲ್ಲುವುದಿಲ್ಲ ಅಂದರು. ಪಕ್ಷದ ಅಭ್ಯರ್ಥಿಯನ್ನು ವಾರ್ಡಿನ ಸದಸ್ಯರೇ ಸಭೆ ಸೇರಿ ಗುಪ್ತ ಮತದಿಂದ ಆರಿಸಬೇಕು. ಕಾಕಾ ಹೆಸರು ಕೊಟ್ಟರು. ಕೊಟ್ಟ ದಿನ ನಮ್ಮ ಮನೆಗೆ ಬಂದರು. ಆಗ ನನ್ನ ಹೆಂಡತಿ ಬಂದು, ಮಗಳು ಹುಟ್ಟಿ, ನಾವು ಎರಡು ಕೋಣೆಯ ಮನೆಯಲ್ಲಿದ್ದೆವು. ಬೂಟು ಸಹ ಬಿಚ್ಚದೆ ಬಾಗಿಲಲ್ಲೇ ನಿಂತು ಹೇಳಿದರು.

"ಒಂದ ಸಲ ನನ್ನ ಹೆಸರಿನ ಕರಪತ್ರ ನಾನ ಹಾಕಬೇಕು ಅನಸ್ತದ, ತಮ್ಮಾ. ಈ ಓಣಿಯೊಳಗ ನಲವತ್ತು ವರ್ಷ ಆತು. ನಮಗ ಇವ ಬೇಕು ಅಂತ ಒಂದ ಸಲ ಅನಿಸ್ಕೋಬೇಕು. ಆಮ್ಯಾಲೆ ಸೋತ್ರೂ ಚಿಂತಿಲ್ಲ."

ಇಷ್ಟು ನೇರವಾಗಿ ಅವರು ಏನನ್ನೂ ಬೇಕು ಅಂದದ್ದನ್ನು ನಾನು ಕೇಳಿರಲಿಲ್ಲ. ನೀವೇ ಗೆಲ್ಲೋದು ಕಾಕಾ, ಅಂದೆ.

ಎದುರಿಗಿದ್ದವಳು ಒಬ್ಬಳೇ. ಒಂದು ಪ್ರಾಥಮಿಕ ಶಾಲೆಯ ಟೀಚರು, ಬಿಳಿಯ ಹುಡುಗಿ, ವಾರ್ಡಿಗೆ ಬಂದು ಎರಡು ವರ್ಷವಾಗಿತ್ತು. ಅವಳಿಗೆ ಯಾರೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದ ಪ್ರತಿ ಸದಸ್ಯರ ಮನೆಗೂ ಬಂದಳು. ನಮ್ಮ ಮನೆಗೆ ಮಳೆಯಲ್ಲಿ ನೆನೆದು ಬಂದಳು. ಹೆಂಡತಿ ಉಪ್ಪಿಟ್ಟು ಕೊಟ್ಟಳು, ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ ಪೂರ್ತಿ ತಿಂದಳು. ಹೋಗುವಾಗ, ನಿಮ್ಮ ಮತ ನನಗೆ ಬೇಕು, ದಯವಿಟ್ಟು ಕೊಡಿ, ಅಂತ ಬಾಯಿಬಿಟ್ಟು ಕೇಳಿದಳು.

ಕಾಕಾ ಗುಜರಾತಿಗಳ ಮನೆಗೆ ಹೋದರು, ಐರಿಷರ ಮನೆಗೆ ಹೋದರು, ಶ್ರೀಲಂಕಾದವರ ಮನೆಗೆ ಹೋದರು. ನಮ್ಮವರ ಮನೆಗೆ ಮಾತ್ರ ಹೋಗಲಿಲ್ಲ. ಸಭೆಯಲ್ಲಿ ಓಟು ಹಾಕುವವರಲ್ಲಿ ಕನ್ನಡದವರೇ ಹನ್ನೊಂದು ಜನ ಇದ್ದೆವು, ಎಲ್ಲರನ್ನೂ ಸದಸ್ಯರನ್ನಾಗಿ ಮಾಡಿಸಿದವರೂ ಅವರೇ. ನಾನು ಒಂದು ದಿನ ಅಂದೆ, "ಕಾಕಾ, ನಮ್ಮವರಿಗೂ ಒಂದು ಮಾತು ಹೇಳಿಬಿಡಿ."

"ಮನಿಮಂದಿಗೆ ಯಾರರ ಅಕ್ಷತಿ ಕೊಟ್ಟು ಕರೀತಾರೇನು?" ಅಂದರು.

ನನ್ನ ಹೆಂಡತಿ ಒಳಗಿಂದ ಕೇಳಿಸಿಕೊಂಡು ಬಂದಳು. "ಮನೆಯವರಿಗೇ ಮೊದಲು ಕೊಡೋದು ಕಾಕಾ. ಮದುವೆಗಳಲ್ಲಿ ಮುನಿಸಿಕೊಳ್ಳೋದೆಲ್ಲ ಅವರೇ ಅಲ್ವಾ?"

ಅವರು ನಕ್ಕುಬಿಟ್ಟರು. ಸ್ವಂತ ರಾಜ್ಯಕ್ಕೆ ಕಾಲಿಡದೆ ಸೋತವರ ಒಂದು ಡಬ್ಬಿ ಕಾರ್ಡು ಅವರ ಮನೆಯಲ್ಲಿತ್ತು. ಅದೆಲ್ಲ ಗೊತ್ತಿದ್ದ ಮನುಷ್ಯ ಇದನ್ನು ಮಾಡಿದರು. ಕೇಳುವುದು ಅವರಿಂದ ಆಗುತ್ತಿರಲಿಲ್ಲ, ಅಷ್ಟೇ. ಹೊರಗಿನವರ ಹತ್ತಿರ ಕೇಳಿ ಇಲ್ಲ ಅನಿಸಿಕೊಂಡರೆ ಹೋಗಲಿ ಅನ್ನಬಹುದು. ನಮ್ಮವರ ಹತ್ತಿರ ಅನಿಸಿಕೊಂಡರೆ ಎಲ್ಲಿಗೆ ಹೋಗುವುದು? ಇದು ಈಗ ನನಗೆ ಅರ್ಥವಾಗುತ್ತದೆ. ಆಗ ನಮ್ಮ ಕೆಲವರಿಗೆ ಅದು ಸಣ್ಣಗೆ ಚುಚ್ಚಿತ್ತು. ಪರದೇಶದವರ ಬಾಗಿಲಿಗೆಲ್ಲ ಹೋಗುತ್ತಾರೆ, ನಮ್ಮ ಮನೆಗೆ ಬರಲು ಏನು ದಾಡಿ, ಅಂತ ಧಾರವಾಡದ ಒಬ್ಬರು ಅಂದಿದ್ದರು.

ಸಭೆ ಒಂದು ಚರ್ಚಿನ ಹಾಲಿನಲ್ಲಿ, ಭಾನುವಾರ ಮಧ್ಯಾಹ್ನ. ಮಡಚುವ ಕುರ್ಚಿಗಳು, ಹಿಂದೆ ಬಿಸ್ಕತ್ತು. ಮೂವತ್ತೈದು ಜನ ಇದ್ದೆವು, ಅವರಿಬ್ಬರೂ ಸೇರಿ. ಶುರುವಾಗುವ ಮೊದಲು ಕಾಕಾ ಆ ಹುಡುಗಿಯ ಹತ್ತಿರ ಹೋಗಿ, ನಾವಿಬ್ಬರೂ ಓಟು ಹಾಕುವುದು ಬೇಡ, ತನಗೆ ತಾನೇ ಹಾಕಿಕೊಳ್ಳುವುದು ಚೆನ್ನಾಗಿ ಕಾಣುವುದಿಲ್ಲ, ಅಂದರು. ಅವಳು ಆಶ್ಚರ್ಯಪಟ್ಟು ಒಪ್ಪಿದಳು.

ಕಾಕಾ ಮೊದಲು ಮಾತಾಡಿದರು. ನೀಲಿ ಕೋಟು, ಹೊಸ ಟೈ. ಬಸ್ ನಿಲ್ದಾಣದ ಸೋರುವ ಚಾವಣಿ, ಲೈಬ್ರರಿ ಮುಚ್ಚುವ ಹೊತ್ತು, ಹನ್ನೆರಡು ರಸ್ತೆಯ ಗುಂಡಿಗಳು, ಒಂದೊಂದಕ್ಕೂ ಕಾರಣ, ಆ ಕಾರಣಕ್ಕೆ ಕಾರಣ. ಎಲ್ಲ ನಿಜ. ಜನ ತಲೆದೂಗಿದರು, ಎರಡು ಸಲ ಗಡಿಯಾರವನ್ನೂ ನೋಡಿದರು. ಕೊನೆಗೆ, ನಾನು ನಿಮ್ಮನ್ನು ಏನೂ ಕೇಳುವುದಿಲ್ಲ, ನಾನು ಯಾರೆಂದು ನಿಮಗೆ ಗೊತ್ತು, ಅಂದು ಕೂತರು.

ಅವಳು ಒಂದು ಹಾಳೆ ಹಿಡಿದು ಎದ್ದಳು. ಅವಳ ಕಡೆಯವರು ಅಂತ ಒಬ್ಬರೂ ಇದ್ದ ಹಾಗೆ ಕಾಣಲಿಲ್ಲ. ಮಾತು ಚಿಕ್ಕದು, ನಡುವೆ ಒಂದು ಕಡೆ ತಪ್ಪಿತು, ಸಾರಿ ಅಂದಳು. ಮತ್ತೆ ಮನೆಯಲ್ಲಿ ಅಂದ ಹಾಗೇ ಅಂದಳು: ನನಗೆ ನೀವು ಬೇಕು.

ಆಮೇಲೆ ಅವರಿಬ್ಬರನ್ನೂ ಪಕ್ಕದ ಕೋಣೆಗೆ ಕಳಿಸಿ, ನಮಗೆ ಚೀಟಿ ಕೊಟ್ಟರು. ನಾನು ಪೆನ್ಸಿಲ್ ಹಿಡಿದುಕೊಂಡು ಯೋಚಿಸಿದ್ದನ್ನು ಹಾಗೇ ಬರೆಯುತ್ತೇನೆ. ಕಾಕಾ ಹೇಗಿದ್ದರೂ ಗೆಲ್ಲುತ್ತಾರೆ. ನಮ್ಮವರೇ ಹನ್ನೊಂದು, ಮೇಲೆ ಇಪ್ಪತ್ತು ವರ್ಷದ ಪರಿಚಯದವರು. ಪಾಪ, ಈ ಹುಡುಗಿಗೆ ಒಂದೂ ಬೀಳುವುದಿಲ್ಲ. ಮಳೆಯಲ್ಲಿ ಮನೆಗೆ ಬಂದಿದ್ದಳು. ಸೊನ್ನೆ ಅಂತ ಎಲ್ಲರೆದುರು ಓದಿದರೆ ಆ ಮುಖ ನೋಡುವುದು ಹೇಗೆ? ಒಂದಾದರೂ ಬೀಳಲಿ. ಹೀಗೆ ಯೋಚಿಸಿ ಅವಳ ಹೆಸರಿನ ಮುಂದೆ ಗುರುತು ಹಾಕಿ, ಚೀಟಿ ಮಡಚಿ ಡಬ್ಬಿಗೆ ಹಾಕಿ, ಬಿಸ್ಕತ್ತು ತಿನ್ನಲು ಹೋದೆ.

ಅವಳಿಗೆ ಹದಿನೆಂಟು. ಕಾಕಾಗೆ ಹದಿನೈದು.

ಕಾಕಾ ಮೊದಲು ಚಪ್ಪಾಳೆ ತಟ್ಟಿದರು. ಅವಳ ಹತ್ತಿರ ಹೋಗಿ ಕೈಕುಲುಕಿ, ಕರಪತ್ರ ಯಾವಾಗ ಬರುತ್ತದೆ, ನಾನು ಹಂಚುತ್ತೇನೆ, ಅಂದರು. ಮನೆಗೆ ಹೋಗುವಾಗ ನಾವಿಬ್ಬರೇ ನಡೆದೆವು. ದಾರಿಯಲ್ಲಿ ಸಿಗುವ ಗುಂಡಿಗಳನ್ನು ಅವರು ಎಂದಿನಂತೆ ತೋರಿಸಲಿಲ್ಲ. ಅವರ ಗೇಟಿನ ಹತ್ತಿರ ನಿಂತು ನನ್ನ ಭುಜ ಒತ್ತಿದರು. "ನೀ ಒಬ್ಬ ಇದ್ದೆಲ್ಲ, ಸಾಕು," ಅಂದರು. ನಾನು ಹೂಂ ಅಂದೆ.

ಆ ಹೂಂ ಇವತ್ತಿಗೂ ನನ್ನ ಗಂಟಲಲ್ಲಿ ಇದೆ.

ಒಂದು ತಿಂಗಳ ಮೇಲೆ ಪಕ್ಕದ ಕೊಲಿಂಡೇಲಿನಲ್ಲಿ ಒಬ್ಬರ ಹೊಸ ಫ್ಲ್ಯಾಟಿನ ಸತ್ಯನಾರಾಯಣ ಪೂಜೆ. ಕಾಕಾ ಬಂದಿರಲಿಲ್ಲ. ಪ್ರಸಾದ ಕೈಯಲ್ಲಿ ಹಿಡಿದು ಮಾತಾಡುತ್ತ ನಿಂತಾಗ ಧಾರವಾಡದವರು ಮೆಲ್ಲಗೆ ಅಂದರು, "ನಾ ಒಂದು ಪಾಪ ಮಾಡೀನ್ರಿ. ಆ ಹುಡುಗಿಗೆ ಒಂದರ ಬೀಳ್ಲಿ ಅಂತ ಹಾಕಿಬಿಟ್ಟೆ." ಪಕ್ಕದಲ್ಲಿದ್ದ ಬೆಳಗಾವಿಯ ದಂಪತಿ ಮುಖ ಮುಖ ನೋಡಿಕೊಂಡರು. "ನೀವೂ ಏನ್ರಿ?" ಅಂದ ಗಂಡ. ಅವನು ಹಾಕಿದ್ದು ಹೆಂಡತಿಗೆ ಗೊತ್ತಿರಲಿಲ್ಲ, ಅವಳು ಹಾಕಿದ್ದು ಅವನಿಗೆ ಗೊತ್ತಿರಲಿಲ್ಲ. ನಾನು ನಾಲ್ಕನೆಯವನು. ಲೆಕ್ಕ ಯಾರೂ ಬಾಯಿಬಿಟ್ಟು ಮಾಡಲಿಲ್ಲ. ಮಾಡುವ ಅಗತ್ಯವೂ ಇರಲಿಲ್ಲ. ಶತ್ರುತ್ವದಿಂದ ಒಬ್ಬರೂ ಹಾಕಿರಲಿಲ್ಲ. ದಾಕ್ಷಿಣ್ಯಕ್ಕೆ ಬಸಿರಾಗುವುದು ಅಂತ ನಮ್ಮಲ್ಲಿ ಗಾದೆಯೇ ಇದೆಯಲ್ಲ, ನಾಲ್ಕು ಜನ ದಾಕ್ಷಿಣ್ಯವಂತರು ಸೇರಿ ಒಬ್ಬ ಮನುಷ್ಯನ ಆಸೆ ಮುಗಿಸಿದ್ದೆವು. ಪ್ರಸಾದ ಬಾಯಿಗೆ ಹಾಕಿಕೊಂಡು ಶಾಲೆಗಳ ಮಾತಿಗೆ ತಿರುಗಿದೆವು.

ಆ ಚಳಿಗಾಲವಿಡೀ ಕಾಕಾ ಅವಳ ಮುಖದ ಕರಪತ್ರ ಹಾಕಿದರು. ನಾನು ಎರಡು ಶನಿವಾರ ಜೊತೆಗೆ ಹೋದೆ. ಬಿಗಿ ಕಿಂಡಿಗಳಿಗೆ ಕೈ ಹಾಕುವಾಗ ನಾನೇ ಮುಂದೆ ಹೋಗಿ ಹಾಕುತ್ತಿದ್ದೆ, ಬೆರಳು ತರಚಿಕೊಳ್ಳುತ್ತಿದ್ದೆ, ಅದರಿಂದ ಏನೋ ತೀರುತ್ತದೆ ಅನ್ನುವ ಹಾಗೆ. ಅವಳು ಗೆದ್ದಳು, ಒಳ್ಳೆಯ ಕೌನ್ಸಿಲರೂ ಆದಳು. ನಿಲ್ದಾಣದ ಚಾವಣಿಯನ್ನು ಸರಿ ಮಾಡಿಸಿದಳು. ಕಾಕಾ ಅದನ್ನು ನನಗೆ ಕರೆದುಕೊಂಡು ಹೋಗಿ ತೋರಿಸಿದರು. ನಿಮ್ಮ ಸೋಲಿಗೆ ಒಂದು ಕಾರ್ಡು ಬರೆದಿರಾ ಅಂತ ಅವತ್ತು ಸಲಿಗೆಯಿಂದ ಕೇಳಿದೆ. "ತನ್ನ ಪೋಸ್ಟ್‌ಮಾರ್ಟಂ ತಾನ ಮಾಡ್ಲಿಕ್ಕೆ ಬರೂದಿಲ್ಲೋ," ಅಂದರು.

ಮಗಳ ಶಾಲೆಗಾಗಿ ನಾವು ಸಟನ್ನಿಗೆ ಬಂದೆವು. ಕಿಂಗ್ಸ್‌ಬರಿ ಅಂದರೆ ಈಗ ಒಂದು ರೈಲು, ಎರಡು ಟ್ಯೂಬು. ಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದೆ, ಆಮೇಲೆ ಅಮೆರಿಕದಲ್ಲಿ ಏನಾದರೂ ಆದಾಗ ಫೋನು, ಆಮೇಲೆ ಹಬ್ಬಕ್ಕೊಂದು ಫೋನು. ನನ್ನ ಮಗಳಿಗೆ ಅವರ ಮಾತು ಅರ್ಧ ತಿಳಿಯುತ್ತಿತ್ತು, ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಅವರಿಗೆ ಅದರಿಂದ ಬೇಸರವಿರಲಿಲ್ಲ. "ಉತ್ತರ ಅಂತೂ ಬರ್ತದಲ್ಲ," ಅನ್ನುತ್ತಿದ್ದರು.

ಹೋದ ಶರತ್ಕಾಲದಲ್ಲಿ ಅವರ ಕಾಲಿಗೆ ನೀರು ಇಳಿದಿದೆ, ಹೊರಗೆ ಹೋಗುತ್ತಿಲ್ಲ ಅಂತ ಗೊತ್ತಾಗಿ ಒಂದು ಶನಿವಾರ ಹೋದೆ. ಮನೆ ಹಾಗೇ ಇತ್ತು. ಎರಡನೇ ಕುರ್ಚಿಯ ಮೇಲೆ ಈಗ ಔಷಧದ ಚೀಲ. ಕೌನ್ಸಿಲಿನಿಂದ ದಿನಾ ಬರುವ ನೈಜೀರಿಯದ ಹೆಂಗಸು ಕಾಲಿಗೆ ಪಟ್ಟಿ ಸುತ್ತುತ್ತಿದ್ದಳು. ಕಾಕಾ ಬಹಳ ಇಳಿದುಹೋಗಿದ್ದರು. ನನ್ನನ್ನು ನೋಡಿ ಮುಖ ಅರಳಿಸಿ, ಕೈ ಹಿಡಿದು ಅವಳ ಕಡೆ ಎಳೆದು, ಇಂಗ್ಲಿಷಿನಲ್ಲಿ ಪರಿಚಯ ಮಾಡಿಸಿದರು.

"ನಾನು ಹೇಳಿದ್ದೆನಲ್ಲ, ಒಂದು ಸಲ ಚುನಾವಣೆಗೆ ನಿಂತಿದ್ದೆ ಅಂತ. ಇವರು ನನಗೆ ಓಟು ಹಾಕಿದವರು."

ಅವಳು, ಓ ಅಂದು, ನನ್ನ ಕಡೆ ಬಹಳ ಪ್ರೀತಿಯಿಂದ ನಕ್ಕಳು. ನನ್ನ ಬಗ್ಗೆ ಹೇಳಲು ಬೇರೆ ಏನೆಲ್ಲ ಇತ್ತು. ಗೆಳೆಯ, ನೆರೆಯವನು, ನಮ್ಮ ಭಾಷೆಯವನು. ಅವರು ಆರಿಸಿಕೊಂಡದ್ದು ಅದನ್ನು. ಅವಳು ಪಟ್ಟಿ ಸುತ್ತಿ, ಕೈತೊಳೆದು, ಕೋಟು ಹಾಕಿಕೊಂಡು ಹೋಗುವವರೆಗೆ ನಾನು ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದೆ. ಬಾಗಿಲು ಮುಚ್ಚಿದ ಮೇಲೆ ನನ್ನಿಂದ ತಡೆಯಲಾಗಲಿಲ್ಲ.

"ಕಾಕಾ, ನಾನು ನಿಮಗೆ ಹಾಕಲಿಲ್ಲ. ಅವಳಿಗೆ ಹಾಕಿದೆ."

ಅವರು ಎಡಗಣ್ಣು ಮುಚ್ಚಿ ನನ್ನ ಕಡೆ ನೋಡಿದರು.

"ಯಾಕೋ?"

"ನೀವು ಹೇಗಿದ್ರೂ ಗೆಲ್ತೀರ ಅಂದ್ಕೊಂಡೆ. ಅವಳಿಗೆ ಒಂದೂ ಬೀಳಲ್ವೇನೋ ಅಂತ... ಪಾಪ ಅನ್ನಿಸ್ತು."

"ಪಾಪ ಅಂತ?"

"ಹೂಂ."

ಅವರು ನಗಲು ಶುರುಮಾಡಿದರು. ಕೆಮ್ಮು ಬರುವಷ್ಟು ನಕ್ಕರು. "ಪಾಪ ಅಂತ! ಇಷ್ಟು ವರ್ಷ ಇಷ್ಟು ಕಾರ್ಡು ಬರದೀನಿ, ಇದೊಂದು ಕಾರಣ ಎಲ್ಲೂ ಸಿಕ್ಕಿಲ್ಲ ನೋಡು. ಅಮೆರಿಕಾದಾಗ ಈ ಜಡ್ಡ ಇಲ್ಲ." ನಾನೂ ನಕ್ಕೆ. ಎದೆಯ ಮೇಲಿನ ಕಲ್ಲು ಸರಿದ ಹಾಗಾಯಿತು, ಕಣ್ಣಲ್ಲಿ ನೀರು ಬಂತು. ಕ್ಷಮಿಸಿ ಕಾಕಾ ಅಂದೆ. ಬಿಡೋ, ಅಂದರು. ನಾನು ಒಳಗೆ ಹೋಗಿ ಇಬ್ಬರಿಗೂ ಚಹಾ ಮಾಡಿಕೊಂಡು ಬಂದೆ. ಬರುವಷ್ಟರಲ್ಲಿ ಅವರು ನಗು ನಿಲ್ಲಿಸಿ ತಮ್ಮ ಕೈಗಳನ್ನು ನೋಡುತ್ತ ಕೂತಿದ್ದರು. ಲೋಟ ತೆಗೆದುಕೊಂಡರು, ಕುಡಿಯಲಿಲ್ಲ.

"ಒಂದು ಹೇಳ್ತೀನಿ, ತಪ್ಪು ತಿಳ್ಕೋಬ್ಯಾಡ," ಅಂದರು. "ನೀ ಹಾಕಲಿಲ್ಲ, ಅದಕ್ಕ ನನಗ ಸಿಟ್ಟಿಲ್ಲ. ಆದ್ರ ಹೇಳಬಾರದಿತ್ತು."

ನಾನು ನನ್ನ ಲೋಟವನ್ನು ಮೇಜಿನ ಮೇಲೆ ಇಟ್ಟೆ.

"ಹದಿನೈದು ಓಟು ಬಿದ್ದಿದ್ದುವು. ಹದಿನಾಲ್ಕು ಯಾರು ಹಾಕಿದ್ರೋ, ಇವತ್ತಿಗೂ ನನಗ ಖಾತ್ರಿ ಇಲ್ಲ. ಮುಖಾ ನೋಡಿ ನೋಡಿ ಇವರಿರಬಹುದು, ಅವರಿರಬಹುದು ಅಂತ ಬರೇ ಅಂದಾಜ. ಒಂದು ಮಾತ್ರ ಖಾತ್ರಿ ಇತ್ತು ತಮ್ಮಾ."